ಕಿಟಕಿಯಲ್ಲಿಟ್ಟ ನಾಲ್ಕು ಮೂಲೆಗಳು

ನನ್ನ ಗಂಡನ ಅಕ್ಕನಿಗೆ ದೋಣಿ ಕಟ್ಟುವ ಜೆಟ್ಟಿಯ ಜನ ಇಟ್ಟ ಹೆಸರು ಟ್ಯಾಂಕಮ್ಮ. ನಾನು ಅತ್ತಿಗೆ ಎನ್ನುತ್ತೇನೆ. ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು. ನಾವಿಬ್ಬರೂ ಜಗಳವಾಡದೆ ಕಳೆದ ವಾರ ಒಂದಿದ್ದರೆ, ಆ ವಾರ ಇಬ್ಬರಲ್ಲಿ ಒಬ್ಬರಿಗೆ ಜ್ವರವಿತ್ತು ಎಂದೇ ಅರ್ಥ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದರಲ್ಲಿ ನನ್ನ ನಾಲಿಗೆಯ ಪಾಲೂ ಇದೆ.

ಜೆಟ್ಟಿಗೆ ಇಳಿಯುವ ಗಲ್ಲಿಯಲ್ಲಿ ಅವರ ಶೆಡ್ಡು. ತಗಡಿನ ಮಾಡು, ಉದ್ದನೆಯ ಮೇಜು, ಒಂದೇ ಒಂದು ಕಿಟಕಿ. ಸಣ್ಣ ದೋಣಿಗಳಿಗೆ ಫೈಬರಿನ ಪೆಟ್ರೋಲ್ ಟ್ಯಾಂಕು ಮಾಡುವುದು ಅವರ ಕೆಲಸ. ಹಗುರವಾದ ಫೋಮ್ ಹಲಗೆಯ ಎರಡೂ ಮೈಗೆ ಗಾಜಿನ ನಾರಿನ ಹಾಸು ಹೊದಿಸಿ, ಅದಕ್ಕೆ ರೆಸಿನ್ ಎಂಬ ಅಂಟು ಕುಡಿಸಿ, ಒಳಗೆ ಒಂದು ಗುಳ್ಳೆಯೂ ಉಳಿಯದಂತೆ ರೋಲರ್ ಎಳೆಯುತ್ತಾರೆ. ಒಣಗಿದ ಮೇಲೆ ಕೊಯ್ದು ಪೆಟ್ಟಿಗೆ ಜೋಡಿಸುತ್ತಾರೆ. ಗಾಜಿನ ಪುಡಿ ಚರ್ಮಕ್ಕೆ ಹೊಕ್ಕರೆ ಮೂರು ದಿನ ಕೆರೆತ ಬಿಡುವುದಿಲ್ಲ. ಅದಕ್ಕೇ ಕೆಲಸಕ್ಕೆ ಮುಂಚೆ ಮೊಣಕೈವರೆಗೆ ಪೌಡರ್ ಬಳಿದುಕೊಳ್ಳುತ್ತಾರೆ, ಮುಗಿದ ಮೇಲೆ ತಣ್ಣೀರಲ್ಲೇ ತೊಳೆಯುತ್ತಾರೆ.

ಅವರು ಈ ಕೆಲಸಕ್ಕೆ ಇಳಿದಾಗ ವಯಸ್ಸು ಹದಿನೇಳು. ತಾಯಿ ತೀರಿಕೊಂಡ ವರ್ಷ ಅದು. ತಮ್ಮನಿಗೆ, ಅಂದರೆ ನನ್ನ ಗಂಡನಿಗೆ, ಆರು. ಸ್ನಾನದ ತೊಟ್ಟಿ ಮಾಡುವ ಕಾರ್ಖಾನೆಯಲ್ಲಿ ಹದಿನೇಳು ವರ್ಷ ರೋಲರ್ ಎಳೆದು, ಆಮೇಲೆ ಈ ಶೆಡ್ಡು ಹಾಕಿದರು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿರುತ್ತದೆ: "ಬಂದ ಗಂಡುಗಳಿಗೆ ನನ್ನ ಕೆರೆತ ಹಿಡಿಸ್ಲಿಲ್ಲ, ನಂಗೆ ಅವರ ಮುಖ ಹಿಡಿಸ್ಲಿಲ್ಲ." ತಮ್ಮನನ್ನು ಸಾಕಿದವರು ಅವರೇ. ಹಾಗಾಗಿ ಅವನ ಮೇಲೆ ತಮ್ಮದೇ ಮೊದಲ ಹಕ್ಕು ಎಂದು ಅವರು ತಿಳಿದಿದ್ದರು. ಹಾಗಲ್ಲ ಎಂದು ನಾನು ತಿಳಿದಿದ್ದೆ. ನಮ್ಮ ಜಗಳ ಎಲ್ಲಿಂದಲೇ ಶುರುವಾದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಟ್ಯಾಂಕು ಖಾಲಿ ಪೆಟ್ಟಿಗೆಯಲ್ಲ. ದೋಣಿ ಓಲಾಡುವಾಗ ಒಳಗಿನ ಪೆಟ್ರೋಲು ಆ ಕಡೆಯಿಂದ ಈ ಕಡೆಗೆ ಒಮ್ಮೆಗೇ ನುಗ್ಗಬಾರದೆಂದು ನಡುವೆ ಅಡ್ಡಹಲಗೆ ನಿಲ್ಲಿಸುತ್ತಾರೆ. ಎರಡು ಅಡ್ಡಹಲಗೆ ನಿಲ್ಲಿಸಿದರೆ ಮೂರು ಕೋಣೆಯಾಗುತ್ತದೆ. ಗಾಳಿ ಓಡಾಡಲು ಪ್ರತಿ ಹಲಗೆಯ ಮೇಲಂಚಿನಲ್ಲಿ ತೂತು ಕೊರೆಯಬೇಕು. ಪೆಟ್ರೋಲು ಹರಿಯಲು ಕೆಳಗಿನ ಎರಡು ಮೂಲೆಗಳನ್ನು ಗರಗಸದಿಂದ ಕತ್ತರಿಸಬೇಕು. ಹಾಗೆ ಕತ್ತರಿಸಿದ ತ್ರಿಕೋನದ ತುಂಡುಗಳನ್ನು ಅತ್ತಿಗೆ ಎಸೆಯುವುದಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಮುಚ್ಚಳ ಅಂಟಿಸುವ ಮುಂಚೆ ಅವನ್ನು ಎಣಿಸುತ್ತಾರೆ. ಎರಡು ಹಲಗೆಗೆ ನಾಲ್ಕು ಮೂಲೆ. ನಾಲ್ಕು ಇದ್ದರೆ ಮುಚ್ಚಳ ಕೂರುತ್ತದೆ. ಪೆಟ್ಟಿಗೆಯ ಒಳಗೆ ಕತ್ತಲೆ, ಎಲ್ಲ ಕಡೆ ರೆಸಿನ್ ಮೆತ್ತಿರುತ್ತದೆ, ಹತ್ತಿರದ್ದು ಅವರ ಕಣ್ಣಿಗೆ ಈಚೆಗೆ ಮಸುಕು. ಆದ್ದರಿಂದ ಕಣ್ಣಿಗಿಂತ ಆ ಸಾಲನ್ನೇ ಹೆಚ್ಚು ನಂಬುತ್ತಿದ್ದರು. ಇಪ್ಪತ್ತೊಂದು ವರ್ಷದಲ್ಲಿ ಒಂದು ಟ್ಯಾಂಕೂ ವಾಪಸ್ ಬಂದಿರಲಿಲ್ಲ.

ನನ್ನ ಗಂಡ ವಾರಕ್ಕೆರಡು ಸಲ ಕಡಲಿನ ಬಂಡೆಯ ಮೇಲಿರುವ ದೀಪಸ್ತಂಭಕ್ಕೆ ನೀರು, ತರಕಾರಿ ಒಯ್ಯುತ್ತಾರೆ. ಪುಟ್ಟ ದೋಣಿ, ಹಿಂದಕ್ಕೆ ಕಚ್ಚಿಸಿದ ಪೆಟ್ರೋಲ್ ಎಂಜಿನ್ನು. ಅದರ ಕಬ್ಬಿಣದ ಟ್ಯಾಂಕು ಹದಿನೆಂಟು ಕಿಲೋ ಇತ್ತು. ಈ ಸಲ ಅದನ್ನು ಎತ್ತಿ ಇಳಿಸುವಾಗ ಸೊಂಟ ಹಿಡಿದು ಹತ್ತು ದಿನ ಮಲಗಿದರು. ಆ ಟ್ಯಾಂಕು ಮಾಡಿಕೊಟ್ಟವನು ಗಲ್ಲಿಯಲ್ಲಿ ಅತ್ತಿಗೆಯ ಎದುರು ಬಾಗಿಲಿನ ವೆಲ್ಡರ್. ಅವನಿಗೂ ಅತ್ತಿಗೆಗೂ ಹಾವು ಮುಂಗುಸಿ. ಅತ್ತಿಗೆಯ ಟ್ಯಾಂಕುಗಳನ್ನು ಅವನು 'ಪ್ಲಾಸ್ಟಿಕ್ ಡಬ್ಬಿ' ಎನ್ನುತ್ತಿದ್ದ, ಅವನವನ್ನು ಇವರು 'ಲಂಗರು' ಎನ್ನುತ್ತಿದ್ದರು.

"ನನ್ನ ತಮ್ಮಂಗೆ ಆರು ಕಿಲೋದ್ದು ಮಾಡ್ತೀನಿ. ಮೂವತ್ತಾರು ಲೀಟರ್ ಹಿಡಿಯುತ್ತೆ. ಮಗು ಎತ್ಕೊಂಡ ಹಾಗೆ ಎತ್ಕೋಬಹುದು," ಎಂದರು ಅತ್ತಿಗೆ, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ಮುಚ್ಚಳ ಅಂಟಿಸುವ ಮುಂಚೆ, ಅದನ್ನೂ ಸೇರಿಸಿ ತೂಗಿದಾಗ ಆರೂವರೆ ಬಂತು. ನಾನು ಅಲ್ಲೇ ಇದ್ದೆ. "ಆರು ಅಂದಿದ್ರಿ," ಎಂದೆ. ಅಷ್ಟೇ ಅಂದಿದ್ದು. ಅತ್ತಿಗೆ ಮುಖ ಊದಿಸಿಕೊಂಡು, ಇನ್ನೂ ಅಂಟಿಸದೆ ನಿಲ್ಲಿಸಿದ್ದ ಹಿಂದಿನ ಅಡ್ಡಹಲಗೆಯನ್ನು ಕಿತ್ತು ಬಾಗಿಲ ಹಿಂದೆ ಎಸೆದರು. ಇನ್ನೂ ತೆಳುವಾದ ಹೊಸ ಹಲಗೆ ಮಾಡಲು ಕೂತರು.

ಮರುದಿನ ನಾನು ಹೋದಾಗ ಅವರು ಹೊಸ ಹಲಗೆಯ ಮೇಲಂಚಿಗೆ ತೂತು ಕೊರೆದು, ಕೆಳಗಿನ ಮೂಲೆಗಳಿಗೆ ಪೆನ್ಸಿಲ್ ಗೆರೆ ಎಳೆದು, ಗರಗಸ ಹಿಡಿದು ನಿಂತಿದ್ದರು. ಅಂಟಿಸಲು ರೆಸಿನನ್ನೂ ಕಲಸಿ ಇಟ್ಟಾಗಿತ್ತು. ಎರಡು ನಿಮಿಷದ ಕೆಲಸ ತಾನೆ ಎಂದುಕೊಂಡಿದ್ದರು. ನಾನು ಬಾಗಿಲಿಂದಲೇ ಕೂಗಿದೆ: "ಬುಧವಾರ ಅಂದವರು ಶುಕ್ರವಾರ ಆದ್ರೂ ಮುಗಿಸಿಲ್ವಲ್ಲ! ಅಲ್ಲಿ ಅವರು ಆ ಕಬ್ಬಿಣ ಹೊತ್ತು ಸಾಯಲಿ ಅಂತಾನಾ?"

ಗರಗಸ ನಿಂತಿತು. "ಏನಂದೆ? ಸಾಯಲಿ ಅಂತ ನಾನು ಅಂದ್ಕೊಳ್ತೀನಾ? ಅವನಿಗೆ ಅನ್ನ ಕಲಸಿ ತಿನ್ನಿಸಿದ್ದು ನೀನಾ, ನಾನಾ?" ಎನ್ನುತ್ತಾ ಅತ್ತಿಗೆ ಹೊರಗೇ ಬಂದರು. ಮುಂದಿನದು ಗಲ್ಲಿಗೆಲ್ಲ ಗೊತ್ತು. ಕಾಲು ಗಂಟೆ ಇಬ್ಬರೂ ಕಂಠಶೋಷಣೆ ಮಾಡಿಕೊಂಡೆವು. ಎದುರಿನ ವೆಲ್ಡರ್ ಕೆಲಸ ನಿಲ್ಲಿಸಿ, ಕಣ್ಣಿನ ಕಪ್ಪು ಗಾಜನ್ನು ಹಣೆಗೇರಿಸಿ ನೋಡಿದ. ಕಲಸಿದ ರೆಸಿನ್ ಇಪ್ಪತ್ತು ನಿಮಿಷದಲ್ಲಿ ಗಟ್ಟಿಯಾಗಿಬಿಡುತ್ತದೆ. ಅತ್ತಿಗೆ ಒಳಗೆ ಓಡಿದಾಗ ಡಬ್ಬ ಬಿಸಿಯಾಗಿ ಅಂಟು ದಾರ ಎಳೆಯಲು ಶುರುವಾಗಿತ್ತು. ಕೋಪದಲ್ಲಿ, ಅವಸರದಲ್ಲಿ ಹಲಗೆ ನಿಲ್ಲಿಸಿ ಮೆತ್ತಿದರು. ಕಿಟಕಿ ನೋಡಿದರು, ನಾಲ್ಕು ಮೂಲೆ ಇತ್ತು. ಮುಚ್ಚಳ ಹಾಕಿದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಟ್ಯಾಂಕು ಆರು ಕಿಲೋ ಬಂತು. ಗಾಳಿ ತುಂಬಿ, ಸೋಪಿನ ನೀರು ಬಳಿದು ನೋಡಿದರು. ಒಂದು ನೊರೆಯೂ ಉಬ್ಬಲಿಲ್ಲ. ನನ್ನ ಗಂಡ ಒಂದೇ ಕೈಯಲ್ಲಿ ಎತ್ತಿ ಮಗುವಿನಂತೆ ನಕ್ಕರು. ಜೊತೆಗೆ ಸದಾ ಒಯ್ಯುತ್ತಿದ್ದ ಹತ್ತು ಲೀಟರಿನ ಪೆಟ್ರೋಲ್ ಕ್ಯಾನನ್ನು ಎತ್ತಿಕೊಂಡಾಗ ಅತ್ತಿಗೆ ಕಿತ್ತುಕೊಂಡರು. "ಹೋಗಿ ಬರೋಕೆ ಇಪ್ಪತ್ತಾರು ಲೀಟರ್ ಸಾಕು, ಇದರಲ್ಲಿ ಮೂವತ್ತಾರಿದೆ. ನಾನು ಗ್ರಾಂ ಗ್ರಾಂ ಕಮ್ಮಿ ಮಾಡಿದ್ದು ಈ ಭಾರ ಹೊರ್ಸೋಕಾ? ಬಿಟ್ಟು ಹೋಗು." ಕ್ಯಾನು ಶೆಡ್ಡಿನ ಮೂಲೆಯಲ್ಲೇ ಉಳಿಯಿತು.

ಅವರು ಹೋದದ್ದು ಬೆಳಿಗ್ಗೆ. ಮಧ್ಯಾಹ್ನ ಒಂದೂವರೆಗೆ ನಾನು ಅತ್ತಿಗೆಗೆ ಊಟ ಒಯ್ದೆ. ಆ ಜಗಳದ ನಂತರ ನಾನೇ ಮೊದಲು ಮಾತಾಡಿಸಿದ್ದು ಎಂದು ಆಮೇಲೆ ಹೇಳಿಕೊಳ್ಳಲು ಆಗಲಿ ಎಂಬ ಲೆಕ್ಕಾಚಾರವೂ ಇತ್ತು. ಬಾಗಿಲ ಹಿಂದೆ ಆ ಎಸೆದ ಹಲಗೆ ಬಿದ್ದಿತ್ತು. ನುಣುಪಾಗಿ, ಗಟ್ಟಿಯಾಗಿ ಇತ್ತು.

"ಅತ್ತಿಗೆ, ಇದನ್ನ ನಮ್ಮ ನೀರಿನ ಡ್ರಮ್ಮಿಗೆ ಮುಚ್ಚಳ ಮಾಡ್ಕೊಳ್ಳಾ? ಎರಡು ಮೂಲೆ ಹೋಗಿದೆ, ಪರವಾಗಿಲ್ಲ."

ಅವರು ತುತ್ತು ಬಾಯಿಗೆ ಒಯ್ಯುತ್ತಿದ್ದರು. ಕೈ ಅಲ್ಲೇ ನಿಂತಿತು. ಹಲಗೆ ನೋಡಿದರು, ಕಿಟಕಿ ನೋಡಿದರು, ಮತ್ತೆ ಹಲಗೆ ನೋಡಿದರು. ಎದ್ದು ಬಂದು, ಎಂಜಲು ಕೈಯಲ್ಲೇ ಕಟ್ಟೆಯ ಮೇಲಿನ ತುಂಡುಗಳನ್ನು ಒಂದೊಂದಾಗಿ ತೆಗೆದು ಆ ಹಲಗೆಯ ಮೂಲೆಗೆ ಹಿಡಿದರು. ಮೂರನೆಯದು ಸರಿಯಾಗಿ ಕೂತಿತು. ನಾಲ್ಕನೆಯದೂ ಕೂತಿತು.

"ಆರು ಇರಬೇಕಿತ್ತು," ಎಂದರು.

"ಏನು ಆರು?"

"ಮೂರು ಹಲಗೆ ಮಾಡಿದೀನಿ. ಆರು ಮೂಲೆ ಇರಬೇಕು. ಇದರಲ್ಲಿ ಎರಡು ಈ ಎಸೆದ ಹಲಗೇದು." ಅವರು ತುಂಡನ್ನು ಕಟ್ಟೆಯ ಮೇಲೆ ಇಟ್ಟರು. "ಹೊಸ ಹಲಗೆ ಮೂಲೆ ನಾನು ಕತ್ತರಿಸ್ಲಿಲ್ಲ ಕಣೇ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರು ಬೆರಳಲ್ಲಿ ಮೇಜಿನ ಧೂಳಿನ ಮೇಲೆ ಪೆಟ್ಟಿಗೆ ಬರೆದು ತೋರಿಸಿದರು. ಪೆಟ್ರೋಲು ಮೊದಲ ಕೋಣೆಗೆ ಬೀಳುತ್ತದೆ, ಎಂಜಿನ್ನಿಗೆ ಹೋಗುವುದೂ ಅಲ್ಲಿಂದಲೇ. ಹಿಂದಿನ ಕೋಣೆಯ ಕೆಳಗೆ ದಾರಿ ಇಲ್ಲ, ಮೇಲಿನ ಗಾಳಿತೂತಿನಿಂದ ತುಂಬಿಕೊಳ್ಳುತ್ತದೆ. ತುಂಬಿದ್ದು ಹೊರಗೆ ಬರುವುದಿಲ್ಲ. ಹನ್ನೆರಡು ಲೀಟರ್ ಅಲ್ಲೇ ಸೆರೆ.

"ಬೆಳಿಗ್ಗೆ ತುಂಬಿಸುವಾಗ ಏನಾದ್ರೂ ಅಂದ್ನಾ?"

ಅಂದಿದ್ದರು. ಕೊನೆಯ ಹತ್ತು ಲೀಟರ್ ಗುಳುಗುಳು ಅಂತ ಬಹಳ ನಿಧಾನಕ್ಕೆ ಇಳೀತು, ಹೊಸ ಹೊಟ್ಟೆ ಅಲ್ವಾ ಎಂದು ನಕ್ಕಿದ್ದರು. ಅದನ್ನು ಹೇಳಿದೆ. ಅತ್ತಿಗೆ ಸ್ಟೂಲಿನ ಮೇಲೆ ಕೂತು ಬೆರಳು ಮಡಿಸಿ ಎಣಿಸಿದರು.

ಲೆಕ್ಕ ಇಷ್ಟೇ. ಬೇಕಾದ್ದು ಇಪ್ಪತ್ತಾರು, ಸಿಗುವುದು ಇಪ್ಪತ್ತನಾಲ್ಕು. ಅಲೆಯ ಹೊಡೆತಕ್ಕೆ ಒಂದು ಲೀಟರ್ ಮೇಲಿನ ತೂತಿಂದ ಈಚೆಗೆ ಚೆಲ್ಲಿದರೂ ಇಪ್ಪತ್ತೈದು. ಅಂದರೆ ಎಂಜಿನ್ನು ನಿಲ್ಲುವುದು ಸರಿಯಾಗಿ ಅಳಿವೆಯಲ್ಲಿ, ನದಿ ಕಡಲಿಗೆ ಸೇರುವ ಬಾಯಿಯಲ್ಲಿ. ಮಧ್ಯಾಹ್ನ ಇಳಿತದ ನೀರು ಹೊರಗೆ ನುಗ್ಗುತ್ತದೆ, ಕಡಲ ಗಾಳಿ ಒಳಗೆ ನೂಕುತ್ತದೆ. ಅವೆರಡೂ ಗುದ್ದಾಡುವ ಕಡೆ ಮರಳುದಿಣ್ಣೆಯ ಮೇಲೆ ಅಲೆ ಎದ್ದು ಮುರಿಯುತ್ತದೆ. ಅಲ್ಲಿ ಎಂಜಿನ್ ನಿಂತ ದೋಣಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ದೋಣಿ ಮಗುಚುತ್ತದೆ. ಹಿಂದಿನ ವರ್ಷ ಹಾಗೆ ಇಬ್ಬರು ಹೋಗಿದ್ದರು.

ಗಂಡನ ಫೋನು ಸಿಗಲಿಲ್ಲ. ಕಡಲಲ್ಲಿ ಎಂದೂ ಸಿಗುವುದಿಲ್ಲ. ದೀಪಸ್ತಂಭದ ಫೋನಿಗೆ ಮಾಡಿದೆ. "ಅಯ್ಯೋ, ಹೊರಟು ಅರ್ಧ ಗಂಟೆ ಆಯ್ತಲ್ಲಮ್ಮ," ಎಂದರು ಅಲ್ಲಿಯವರು. ಅಳಿವೆಗೆ ಬರಲು ಒಂದೂವರೆ ಗಂಟೆಯ ದಾರಿ. ಉಳಿದದ್ದು ಒಂದು ಗಂಟೆ. ಜೆಟ್ಟಿಯ ದೋಣಿಗಳೆಲ್ಲ ಮೀನಿಗೆ ಹೋಗಿದ್ದವು, ಬರುವುದು ಸಂಜೆಗೇ. ಒಂದೇ ಒಂದು ಕಟ್ಟಿ ನಿಂತಿತ್ತು, ಅದು ವೆಲ್ಡರ್‌ನದು.

ಅತ್ತಿಗೆ ಬಾಗಿಲಲ್ಲಿ ನಿಂತು ಎದುರಿನ ನೀಲಿ ಬೆಳಕನ್ನೇ ನೋಡಿದರು. ಅವರ ತಲೆಯಲ್ಲಿ ಓಡುತ್ತಿದ್ದದ್ದು ನನಗೆ ಗೊತ್ತಿತ್ತು. ಇಪ್ಪತ್ತೊಂದು ವರ್ಷ ಆ ಬಾಗಿಲಿನ ಕಡೆ ನೋಡಿ ಬೈದದ್ದೆಲ್ಲ ಈಗ ನುಂಗಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಗಲ್ಲಿ ದಾಟಿಯಾಗಿತ್ತು. ಅಲ್ಲಿ ಮೂವರು ಕೆಲಸದವರಿದ್ದರು, ಟ್ಯಾಂಕು ಕೊಳ್ಳಲು ಬಂದ ಒಬ್ಬ ದೋಣಿಯವನೂ ಇದ್ದ.

"ನಾನು ಮಾಡಿದ ಟ್ಯಾಂಕು ತಪ್ಪಾಗಿದೆ," ಎಂದರು ಅತ್ತಿಗೆ, ಎಲ್ಲರಿಗೂ ಕೇಳುವಂತೆ. "ಅರ್ಧ ದಾರೀಲಿ ನನ್ನ ತಮ್ಮನ ಎಂಜಿನ್ ನಿಲ್ಲುತ್ತೆ. ನಿಮ್ಮ ದೋಣಿ ಬೇಕು."

ವೆಲ್ಡರ್ ಕಪ್ಪು ಗಾಜು ಮೇಲೇರಿಸಿದ. ಈಗ ಒಂದು ಮಾತು ಬೀಳುತ್ತದೆ ಎಂದು ನಾನು ಹಲ್ಲು ಕಚ್ಚಿ ನಿಂತೆ.

"ಅಳಿವೆಗೆ ಎಷ್ಟು ಹೊತ್ತಿಗೆ ಬರ್ತಾನೆ?"

"ಮೂರಕ್ಕೆ."

ಅವನು ಕೈಗವಸು ಬಿಚ್ಚಿ ಎಸೆದು, ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದುಕೊಂಡ. ಅತ್ತಿಗೆ ಮೂಲೆಯಲ್ಲಿದ್ದ ಕ್ಯಾನನ್ನು ಎದೆಗೆ ಅವುಚಿಕೊಂಡು ಬಂದರು. "ನೀನು ಬರಬೇಡ," ಎಂದರು ನನಗೆ. ನಾನು ಅವರ ಮಾತು ಯಾವತ್ತು ಕೇಳಿದ್ದೆ?

ವೆಲ್ಡರ್‌ನ ದೋಣಿ ಭಾರ. ನದಿಯಲ್ಲಿ ಅದು ಎಮ್ಮೆಯಂತೆ ನಿಧಾನಕ್ಕೆ ಹೋಗುತ್ತಿತ್ತು. ಬೇಗ, ಬೇಗ ಎಂದು ನಾನು ಮನಸ್ಸಿನಲ್ಲೇ ಅದನ್ನು ತಳ್ಳುತ್ತಿದ್ದೆ. ಅಳಿವೆಯ ಹತ್ತಿರ ಬಂದಾಗ ಅಲೆ ಮುರಿಯುವ ಸದ್ದು ಕೇಳಿಸಿತು. ಮರಳುದಿಣ್ಣೆಯ ಉದ್ದಕ್ಕೂ ಬಿಳಿ ನೊರೆ. ವೆಲ್ಡರ್ ಒಳಗಡೆಯೇ ದೋಣಿ ತಿರುಗಿಸಿ ನಿಲ್ಲಿಸಿದ.

"ಅವನು ಬಂದ ಮೇಲೆ ನೋಡೋಣ. ಸುಮ್ಮನೆ ದಾಟಿದ್ರೆ ನಾವೇ ಹೋಗ್ತೀವಿ," ಎಂದ.

ಮೂರಾಯಿತು. ಮೂರೂ ಹತ್ತಾಯಿತು. ಏನೂ ಇಲ್ಲ. ಇನ್ನೂ ದೂರದಲ್ಲೇ ನಿಂತುಬಿಟ್ಟಿತೇ ಎಂದು ನಾನು ಕೇಳಿದೆ. ಅತ್ತಿಗೆ ಮುಂದೆ ಕೂತು ಕ್ಯಾನಿನ ರಬ್ಬರ್ ಪೈಪನ್ನು ಬಿಚ್ಚುವುದು, ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ಪೌಡರು ಬಳಿದ ಅವರ ತೋಳಿನ ಮೇಲೆ ಬೆವರು ಗೆರೆ ಎಳೆದಿತ್ತು. ಅವರನ್ನು ನಾನು ಆ ಗಳಿಗೆಯಲ್ಲಿ ದ್ವೇಷಿಸಿದೆ. ಮರುಗಳಿಗೆಗೆ, ಗರಗಸ ನಿಲ್ಲಿಸಿದ್ದು ಯಾರು ಎಂಬುದು ನೆನಪಾಯಿತು.

"ಅಗೋ," ಎಂದ ವೆಲ್ಡರ್.

ಪುಟ್ಟ ದೋಣಿ ಆ ನೊರೆಯ ಆಚೆ ಕಾಣಿಸಿತು. ಎಂಜಿನ್ನಿನ ಸದ್ದು ಗಾಳಿಯಲ್ಲಿ ಬರುತ್ತಿತ್ತು, ಚೆನ್ನಾಗೇ ಬರುತ್ತಿತ್ತು. ನನ್ನ ಗಂಡ ನಮ್ಮನ್ನು ನೋಡಿ, ಇವರೆಲ್ಲ ಇಲ್ಲೇನು ಮಾಡುತ್ತಿದ್ದಾರೆ ಎಂಬಂತೆ ಕೈ ಎತ್ತಿದರು. ನಾವು ಮೂವರೂ ನಿಲ್ಲು, ಬರಬೇಡ ಎಂದು ಕೈ ಬೀಸಿದೆವು. ಅವರು ಬಾ ಎಂದು ತಿಳಿದರೋ ಏನೋ, ಅಲೆಗಳ ಸಾಲಿಗೆ ಮೂತಿ ಇಟ್ಟರು. ಮೊದಲ ಅಲೆ ದಾಟಿತು. ಎರಡನೆಯದರ ಬೆನ್ನೇರುವಾಗ ಸದ್ದು ನಿಂತಿತು.

ಎಂಜಿನ್ನಿನ ಹಗ್ಗ ಎಳೆದರು, ಮತ್ತೆ ಎಳೆದರು. ಬಗ್ಗಿ ಟ್ಯಾಂಕಿಗೆ ಬಡಿದರು. ದೋಣಿಯ ಮೂತಿ ಮೆಲ್ಲಗೆ ಪಕ್ಕಕ್ಕೆ ಹೊರಳತೊಡಗಿತು.

ವೆಲ್ಡರ್ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. "ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದು ಎಂಜಿನ್ನಿನ ವೇಗ ಪೂರ್ತಿ ಏರಿಸಿದ. ಆ ಎಮ್ಮೆಯಂಥ ದೋಣಿ ಅಲೆಯನ್ನು ತಲೆಯಿಂದ ಗುದ್ದಿ ನಿಂತಿತು, ನೀರು ನಮ್ಮ ಮೇಲೆ ಸುರಿಯಿತು, ಮತ್ತೆ ಗುದ್ದಿತು. ಪಕ್ಕಕ್ಕೆ ಬಂದಾಗ ಎರಡು ದೋಣಿಗಳ ನಡುವೆ ಒಂದು ಮಾರು ನೀರು ಏಳುತ್ತಿತ್ತು, ಬೀಳುತ್ತಿತ್ತು. ವೆಲ್ಡರ್ ಹಗ್ಗ ಎಸೆದ. ನನ್ನ ಗಂಡ ಹಿಡಿದು ಮೂತಿಗೆ ಸುತ್ತಿದರು. ಹೊರಳುತ್ತಿದ್ದ ದೋಣಿ ತಡೆದು ನಿಂತಿತು.

"ಟ್ಯಾಂಕಲ್ಲಿ ಪೆಟ್ರೋಲಿದೆ ಅಕ್ಕಾ! ಒಳಗೆ ಆಡೋದು ಕೇಳಿಸ್ತಿದೆ!"

"ಅದು ಬರಲ್ಲ ಕಣೋ! ಇದರ ಪೈಪ್ ಹಾಕು!" ಅತ್ತಿಗೆ ಎದ್ದು ನಿಂತು, ಐವತ್ತೈದು ವರ್ಷದ ಹೆಂಗಸು, ಹತ್ತು ಲೀಟರಿನ ಕ್ಯಾನನ್ನು ತಮ್ಮನ ಕಡೆ ಎಸೆದರು. ಅದು ನನ್ನ ಗಂಡನ ಎದೆಗೆ ಬಡಿದು ಕೈಗೆ ಸಿಕ್ಕಿತು. ಅವರು ಪೈಪು ಸಿಕ್ಕಿಸಿ, ಪೆಟ್ರೋಲು ಏರಲೆಂದು ಅದರ ನಡುವಿನ ರಬ್ಬರ್ ಗುಂಡು ಅಮುಕಿ ಅಮುಕಿ, ಹಗ್ಗ ಎಳೆದರು. ಮೂರನೆಯ ಸಲಕ್ಕೆ ಎಂಜಿನ್ನು ಕೆಮ್ಮಿ, ಹಿಡಿದುಕೊಂಡಿತು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ಜೆಟ್ಟಿಗೆ ಬಂದಾಗ ವೆಲ್ಡರ್‌ನ ಕೆಲಸದವರೆಲ್ಲ ಕಾದು ನಿಂತಿದ್ದರು. ನನ್ನ ಗಂಡ ಒದ್ದೆ ಮೈಯಲ್ಲೇ ಮೊದಲು ಹೇಳಿದ್ದು, "ಟ್ಯಾಂಕಿಗೇನೂ ಆಗಿಲ್ಲ. ಈ ಹಾಳು ಎಂಜಿನ್ನೇ ಕೈಕೊಡ್ತು." ಹೇಳಿದ್ದು ವೆಲ್ಡರ್‌ನ ಮುಖ ನೋಡಿ.

"ಸುಮ್ಮನಿರೋ," ಎಂದರು ಅತ್ತಿಗೆ. ಟ್ಯಾಂಕನ್ನು ಬಿಚ್ಚಿಸಿ ಜೆಟ್ಟಿಯ ಮೇಲೆ ಇಡಿಸಿದರು. ಬಾಯಿ ಕೆಳಗೆ ಮಾಡಿ, ಒಳಗೆ ಉಳಿದದ್ದನ್ನು ಬಕೆಟ್ಟಿಗೆ ಸುರಿಸಿದರು. ಹತ್ತು ಲೀಟರಿನ ಮೇಲೆಯೇ ಬಂತು. ನೀರು ತುಂಬಿಸಿ ಎರಡು ಸಲ ತೊಳೆದು, ಮೂರನೆಯ ಸಲ ತುಂಬಿದ ನೀರಿನೊಂದಿಗೇ ಕೈಗರಗಸದಲ್ಲಿ ಮುಚ್ಚಳ ಕೊಯ್ದರು. ತಾವೇ ಮಾಡಿದ್ದನ್ನು ಎಲ್ಲರ ಮುಂದೆ ಕೊಯ್ಯುವಾಗ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಒಳಗೆ ಹಿಂದಿನ ಹಲಗೆ ನಿಂತಿತ್ತು. ಕೆಳಗಿನ ಎರಡು ಮೂಲೆಗೂ ಪೆನ್ಸಿಲ್ ಗೆರೆ. ಒಂದು ಗೆರೆಯ ಮೇಲೆ ಗರಗಸದ ಹಲ್ಲು ಅರ್ಧ ಬೆರಳಿನಷ್ಟು ಇಳಿದು ನಿಂತಿತ್ತು, ಆ ಸೀಳಿನ ಮೇಲೆ ರೆಸಿನ್ ಮೆತ್ತಿಕೊಂಡಿತ್ತು. ನಾನು ಕೂಗಿದ ಜಾಗ ಅದು. ಎಲ್ಲರೂ ಬಗ್ಗಿ ನೋಡುತ್ತಿದ್ದರು. ಅತ್ತಿಗೆ ಒಮ್ಮೆ ನನ್ನ ಮುಖ ನೋಡಿ, ಆ ಸೀಳಿನ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿದರು.

"ಮರೆತುಬಿಟ್ಟೆ ಕಣೋ," ಎಂದರು ತಮ್ಮನಿಗೆ.

ವೆಲ್ಡರ್ ಎಲೆಯಂತೆ ತೆಳುವಾದ ಆ ಹಲಗೆಯನ್ನು ಬೆರಳಿಂದ ತಟ್ಟಿ ನೋಡಿದ. "ಕೆಲಸ ಚೆನ್ನಾಗಿದೆ ಟ್ಯಾಂಕಮ್ಮ," ಎಂದ. ನಾಲ್ಕು ಹೆಜ್ಜೆ ಹೋಗಿ ತಿರುಗಿದ. "ಆದ್ರೆ ಇವತ್ತು ಬದುಕಿಸಿದ್ದು ಲಂಗರು, ನೆನಪಿರಲಿ."

ಅತ್ತಿಗೆ ಕೊಯ್ದ ಮುಚ್ಚಳವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮನೆಯ ಕಡೆ ನಡೆದರು.

ಎಂಟು ದಿನ ಶೆಡ್ಡಿನ ಬಾಗಿಲು ತೆರೆಯಲಿಲ್ಲ. ಇನ್ನು ಕೈ ಹಾಕಲ್ಲ, ಕಣ್ಣೂ ಸರಿ ಇಲ್ಲ ಎಂದು ಕೂತರು. ನಾನು ಎರಡು ಸಲ ಹೋಗಿ ಎದುರು ಕೂತು, ಹೇಳಬೇಕಾದ್ದು ಹೇಳದೆ ಬಂದೆ. ಜಗಳಕ್ಕೆ ಸಲೀಸಾಗಿ ಹೊರಳುವ ನಾಲಿಗೆ ಅದೊಂದು ಮಾತಿಗೆ ಹೊರಳಲಿಲ್ಲ. ಒಂಬತ್ತನೆಯ ದಿನ ನನ್ನ ಗಂಡ ಹೋಗಿ, "ಅಕ್ಕಾ, ನಂಗೆ ಟ್ಯಾಂಕು ಬೇಕು. ನೀನು ಮಾಡ್ಲಿಲ್ಲ ಅಂದ್ರೆ ಮತ್ತೆ ಆ ಕಬ್ಬಿಣದ್ದನ್ನೇ ಎತ್ತೀನಿ," ಎಂದರು. ಅದು ಕೆಲಸ ಮಾಡಿತು.

ಹೊಸ ಟ್ಯಾಂಕಿಗೆ ಮುಚ್ಚಳ ಹಾಕುವ ದಿನ ನನಗೆ ಫೋನ್ ಬಂತು. "ಬಾ ಇಲ್ಲಿ." ನಾನು ಹೋದಾಗ ಒಳಗೆ ಉಜ್ಜುವ ಸದ್ದು ಕೇಳುತ್ತಿತ್ತು. ಅದು ನಿಲ್ಲುವವರೆಗೂ ಗಲ್ಲಿಯಲ್ಲೇ ನಿಂತೆ. ಎದುರಿನ ವೆಲ್ಡರ್ ನನ್ನನ್ನು ನೋಡಿ ನಕ್ಕ.

ಪೆಟ್ಟಿಗೆ ಮೇಜಿನ ಮೇಲೆ ತೆರೆದಿತ್ತು. ಅದರ ಅಡಿಯ ತೂಕದ ಯಂತ್ರದಲ್ಲಿ ಆರೂವರೆ. ನಾನು ನೋಡಿದೆ, ಬಾಯಿ ತೆರೆಯಲಿಲ್ಲ. ಕಿಟಕಿಯಲ್ಲಿ ನಾಲ್ಕು ಮೂಲೆ ಇದ್ದವು. ಅತ್ತಿಗೆ ಅವುಗಳ ಕಡೆ ನೋಡಲೂ ಇಲ್ಲ. ನನ್ನ ಮೊಣಕೈವರೆಗೆ ತಾವೇ ಪೌಡರ್ ಬಳಿದು, "ಕೈ ಹಾಕಿ ನೋಡು," ಎಂದರು.

ತಳಕ್ಕೆ ಕೈ ಇಳಿಸಿದೆ. ಮೊದಲ ಹಲಗೆಯ ಎರಡು ಮೂಲೆಗಳಲ್ಲಿ ಬೆರಳು ತೂರಿಸಿದೆ. ಎರಡನೆಯದರ ಒಂದು ಮೂಲೆಯಲ್ಲೂ ತೂರಿತು. ಕೊನೆಯದಕ್ಕೆ ಬೆರಳು ಇಟ್ಟುಕೊಂಡೇ, ತಲೆ ಎತ್ತದೆ ಹೇಳಿದೆ: "ಅತ್ತಿಗೆ, ಅವತ್ತು ನಾನು ಕೂಗದೇ ಇದ್ದಿದ್ರೆ..."

"ಗೊತ್ತು," ಎಂದರು ಅತ್ತಿಗೆ. "ಬೆರಳು ಆಚೆಗೆ ಹೋಗುತ್ತಾ, ಇಲ್ವಾ, ಅದನ್ನ ಹೇಳು."

"ಹೋಗುತ್ತೆ."

"ಹಾಗಾದ್ರೆ ಕೈ ತೆಗಿ. ರೆಸಿನ್ ಕಲಸಿಟ್ಟಿದೀನಿ."